ಗೋಡೆಯಾಚೆಯ ಬೇಸು

ಬೇಸ್ ಗಿಟಾರನ್ನು, ಅಂದರೆ ತಗ್ಗಿನ ಸ್ವರ ನುಡಿಸುವ ಗಿಟಾರನ್ನು, ನಾನು ಮೊದಲು ಕೇಳಿದ್ದು ಗೋಡೆಯ ಆಚೆಯಿಂದ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಅಣ್ಣ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಜೋರಾಗಿ ಹಾಡು ಹಾಕುತ್ತಿದ್ದ. ನಾನು ಈ ಕಡೆ ಮಲಗಿರುತ್ತಿದ್ದೆ. ಹಾಡಿನ ಮಾತು ಕೇಳಿಸುತ್ತಿರಲಿಲ್ಲ. ಹಾಡುವವನ ದನಿ ದಿಂಬಿನೊಳಗೆ ಗೊಣಗಿದ ಹಾಗಿರುತ್ತಿತ್ತು. ಗಿಟಾರು, ಕೀಬೋರ್ಡು ಎಲ್ಲ ಮಾಯ. ಗುಮ್, ಗುಗುಮ್ ಅನ್ನುವುದೊಂದು ಮಾತ್ರ ಗೋಡೆ ದಾಟಿ, ಮಂಚದ ಕಾಲು ಹತ್ತಿ, ನನ್ನ ಬೆನ್ನಿಗೆ ಬರುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು, ಒಂದು ಕಡೆ ತಡೆದು ನಿಂತು ಮತ್ತೆ ಶುರುವಾಗುತ್ತಿತ್ತು. ಹಾಡು ಅಂದರೆ ಅದೇ ಅಂದುಕೊಂಡಿದ್ದೆ.

ಒಂದು ದಿನ ಅಣ್ಣನ ಮುಂದೆ ಅದನ್ನೇ ಗುನುಗಿದೆ. 'ಲೋ, ಅದು ಹಾಡಲ್ಲ ಕಣೋ, ಬೇಸು' ಅಂದ. ಆ ಪದ ನನ್ನ ಕಿವಿಗೆ ಬಿದ್ದಿದ್ದು ಅದೇ ಮೊದಲು.

ನನ್ನ ಮೊದಲ ಬೇಸು ಕೈಗೆ ಬಂದಿದ್ದು ಇದಾಗಿ ಏಳೆಂಟು ವರ್ಷದ ಮೇಲೆ. ಯಾರೋ ಬಳಸಿ ಬಿಟ್ಟದ್ದು. ಹೆಗಲಿಗೆ ಹಾಕಿಕೊಂಡ ತಕ್ಷಣ ಅನಿಸಿದ್ದು ಒಂದೇ: ಇಷ್ಟು ಉದ್ದವಾ! ಕೆಳಗೆ ತಂತಿ ಕೂರುವ ಬ್ರಿಡ್ಜಿನಿಂದ ಮೇಲೆ ತಂತಿ ಹಾಯುವ ನಟ್‌ವರೆಗೆ ತಂತಿ 34 ಇಂಚು. ಈ ಅಳತೆ ಬಂದಿದ್ದು ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿನಿಂದ. ಅದಕ್ಕೂ ಮುಂಚೆ ಬೇಸು ಅಂದರೆ ಹೆಚ್ಚಾಗಿ ಆಳೆತ್ತರದ ಡಬಲ್ ಬೇಸೇ. ಅದಕ್ಕೆ ಫ್ರೆಟ್, ಅಂದರೆ ಸ್ವರದ ಜಾಗ ತೋರಿಸುವ ಅಡ್ಡ ಲೋಹದ ಪಟ್ಟಿ, ಇರಲಿಲ್ಲ, ಸ್ವರ ಎಲ್ಲಿದೆ ಅಂತ ಕಿವಿಯಿಂದಲೇ ಹುಡುಕಬೇಕಿತ್ತು. ಫ್ರೆಟ್ ಇದ್ದರೆ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಅಂತಲೇ 'ಪ್ರಿಸಿಷನ್' ಅನ್ನುವ ಹೆಸರು. ನನ್ನ ಕೈಯಲ್ಲಿ ಕರಾರುವಾಕ್ಕಾದದ್ದೇನೂ ಬರಲಿಲ್ಲ ಬಿಡಿ. ಮೊದಲ ಎರಡು ವಾರ ಬೆರಳ ತುದಿಯಲ್ಲಿ ಬರೀ ಬೊಬ್ಬೆ.

ಬೊಬ್ಬೆ ಒಣಗಿತು, ಬೆರಳು ಗಟ್ಟಿಯಾಯಿತು. ಆದರೂ ಸದ್ದು ಸರಿ ಇರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಗುಮ್. ಸದ್ದು ದೊಡ್ಡದು ಮಾಡುವ ಆಂಪಿನಿಂದ ಬರುತ್ತಿದ್ದದ್ದು ಟಣ್. ಬೆರಳು ಜಾರಿದಾಗೆಲ್ಲ ತಂತಿ ಕಿರ್ರ್ ಅನ್ನುತ್ತಿತ್ತು, ಜೋರಾಗಿ ಎಳೆದರೆ ಫ್ರೆಟ್ಟಿಗೆ ಬಡಿಯುತ್ತಿತ್ತು. ತಪ್ಪು ಸಾಮಾನಿನದು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಮೊದಲು ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಪೆಡಲ್, ಆಮೇಲೆ ಸದ್ದು ತಿದ್ದುವ ಪ್ರಿಆಂಪ್, ಆಮೇಲೆ ದೊಡ್ಡ ಸ್ಪೀಕರ್ ಕ್ಯಾಬಿನೆಟ್. ಅದನ್ನು ಮೆಟ್ಟಿಲು ಹತ್ತಿಸುವಾಗ ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದ್ದೆ. ಅದಾದ ಮೇಲೆ ಒಂದು ಆಕ್ಟಿವ್ ಬೇಸು. ಒಳಗೆ 9 ವೋಲ್ಟಿನ ಬ್ಯಾಟರಿ ಇರುವಂಥದ್ದು. ಇಂಥ ಬೇಸುಗಳಲ್ಲಿ ಸಾಮಾನ್ಯವಾಗಿ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲ್ ಚುಚ್ಚಿದರೆ ಅದೇ ಸ್ವಿಚ್. ನನಗೆ ಗೊತ್ತಿರಲಿಲ್ಲ. ಕೇಬಲ್ ಚುಚ್ಚಿಟ್ಟು ದಿನಗಟ್ಟಲೆ ಹಾಗೇ ಬಿಡುತ್ತಿದ್ದೆ. ಒಂದು ಕಾರ್ಯಕ್ರಮದಲ್ಲಿ, ಮೂರನೇ ಹಾಡಿನ ನಡುವೆ, ಸದ್ದು ಮೊದಲು ಹರಿದ ಕಾಗದದಂತೆ ಕರಕರ ಅಂದಿತು, ಆಮೇಲೆ ನಿಂತೇ ಹೋಯಿತು. ಕೇಳುಗರಿಗೆ ಗೊತ್ತಾಗಲಿಲ್ಲ. ಡ್ರಮ್ಸ್ ನುಡಿಸುವವನಿಗೆ ಗೊತ್ತಾಯಿತು. ಅವನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಈಗ ನುಡಿಸಿ ಮುಗಿದ ಕೂಡಲೇ ಕೇಬಲ್ ಕೀಳುತ್ತೇನೆ, ಒಂದು ಹೊಸ ಬ್ಯಾಟರಿ ಚೀಲದಲ್ಲಿ ಇದ್ದೇ ಇರುತ್ತದೆ.

ಇಷ್ಟೆಲ್ಲ ಆದರೂ ಆ ಗುಮ್ ಸಿಕ್ಕಿರಲಿಲ್ಲ. ಸಿಕ್ಕಿದ್ದು ಹೀಗೆ. ತಾಲೀಮಿನ ನಡುವೆ ನೀರು ಕುಡಿಯಲು ಹೊರಗೆ ಬಂದಿದ್ದೆ, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗೆ ಯಾರೋ ಸುಮ್ನೆ ನನ್ನ ಬೇಸನ್ನು ಎತ್ತಿಕೊಂಡು ನುಡಿಸತೊಡಗಿದರು. ನಾನು ಅಲ್ಲೇ ನಿಂತುಬಿಟ್ಟೆ. ಅದೇ ಸದ್ದು! ಬಾಗಿಲು ತೆಗೆದೆ: ಟಣ್. ಮುಚ್ಚಿದೆ: ಗುಮ್. ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ. ಒಳಗಿದ್ದವರು ಇವನಿಗೇನಾಯ್ತಪ್ಪ ಅಂತ ನೋಡುತ್ತಿದ್ದರು.

ಅಷ್ಟು ವರ್ಷ ನಾನು ಹುಡುಕುತ್ತಿದ್ದದ್ದು ಬೇಸಿನ ಸದ್ದನ್ನಲ್ಲ, ಗೋಡೆಯ ಸದ್ದನ್ನು. ಎತ್ತರದ ಸ್ವರಗಳನ್ನು ಗೋಡೆ ಚೆನ್ನಾಗಿ ತಡೆಯುತ್ತದೆ, ತಗ್ಗಿನ ಸ್ವರಗಳನ್ನು ಅಷ್ಟಾಗಿ ತಡೆಯಲಾರದು. ಬೆರಳು ತಂತಿಗೆ ತಾಗುವ ಟಕ್, ತಂತಿಯ ಕಿರ್ರ್, ಫ್ರೆಟ್ಟಿನ ಕಟಕಟ ಇವೆಲ್ಲ ಆ ಕಡೆಯೇ ಉಳಿದು ನನಗೆ ಬುಡ ಮಾತ್ರ ಸಿಕ್ಕಿತ್ತು. ಅನುಮಾನ ತೀರಲಿ ಅಂತ ಅಣ್ಣನಿಗೆ ಫೋನ್ ಮಾಡಿ ಆ ಹಾಡು ಯಾವುದು ಅಂತ ಕೇಳಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ನಗು ಬಂತು. ಅದರಲ್ಲಿ ಬೇಸು ನುಡಿಸಿದವರು ಬೆರಳಿನ ಬದಲು ಪಿಕ್ ಅನ್ನುವ ಚಪ್ಪಟೆ ಚೂರು ಹಿಡಿದು ಕಟ್‌ಕಟ್ ಅಂತ ನುಡಿಸಿದ್ದರು. ನನ್ನ ಬೇಸಿಗಿಂತ ಜಾಸ್ತಿ ಟಣ್ ಅದರಲ್ಲೇ ಇತ್ತು.

ಸರಿ, ಹಾಗಾದರೆ ಗೋಡೆಯನ್ನು ಬೇಸಿನೊಳಗೇ ಕಟ್ಟಬೇಕು. ಇದಕ್ಕೆ ನಾನು ಮಾಡಿದ ಮೊದಲ ಕೆಲಸಕ್ಕೆ ಏನೂ ಖರ್ಚಾಗಲಿಲ್ಲ. ಬೇಸಿನ ಮೇಲೇ ಇರುವ ಟೋನ್ ನಾಬನ್ನು ತಿರುಗಿಸಿದೆ, ಅಷ್ಟೇ. ಅದರ ಜೊತೆ ಒಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ನಾಬನ್ನು ಕಡಿಮೆ ಮಾಡಿದಷ್ಟೂ ಚೂಪಾದ ಸದ್ದೆಲ್ಲ ಅದರ ಮೂಲಕ ಗ್ರೌಂಡಿಗೆ ಹರಿದುಹೋಗುತ್ತದೆ. ಅಷ್ಟು ವರ್ಷ ಆ ನಾಬನ್ನು ತುದಿಗೆ ತಿರುಗಿಸಿಟ್ಟು ಮರೆತೇಬಿಟ್ಟಿದ್ದೆ. ಕೈಯಲ್ಲೇ ಗೋಡೆ ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಎರಡನೆಯದು ಸ್ಪಾಂಜು. ಬ್ರಿಡ್ಜಿಗೆ ತಾಗಿದಂತೆ, ನಾಲ್ಕೂ ತಂತಿಗಳ ಕೆಳಗೆ ಒಂದು ತುಂಡು ತೂರಿಸಬೇಕು. ಇದು ಹಳೇ ಉಪಾಯ. ಫೆಂಡರಿನ ಹಳೇ ಬೇಸುಗಳಲ್ಲಿ ಬ್ರಿಡ್ಜ್ ಮೇಲೆ ಒಂದು ಲೋಹದ ಮುಚ್ಚಳ ಇರುತ್ತಿತ್ತು, ಅದರ ಒಳಗೇ ತಂತಿಯನ್ನು ಅದುಮುವ ಮೆತ್ತೆ ಇರುತ್ತಿತ್ತು. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸು ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ನುಡಿಸುತ್ತಿದ್ದರು, ಅವರ ಬೇಸಿನಲ್ಲೂ ಇಂಥ ಮೆತ್ತೆ ಇತ್ತು. ಅಮೆರಿಕದ ಇನ್ನೊಬ್ಬ ಬೇಸ್ ವಾದಕಿ ಕ್ಯಾರಲ್ ಕೇ ಪಿಕ್ ಹಿಡಿದು ನುಡಿಸಿದರೂ ತಂತಿಗೆ ಫೆಲ್ಟ್ ಬಟ್ಟೆ ತಾಗಿಸುತ್ತಿದ್ದರು. ನಾನು ಮೊದಲು ಹಾಕಿದ್ದು ಪಾತ್ರೆ ತೊಳೆಯುವ ಸ್ಪಾಂಜು. ತೀರಾ ದಪ್ಪವಾಗಿ, ಹಲಗೆಗೆ ಬಡಿದ ಹಾಗೆ ಟಪ್ ಟಪ್ ಅಂತ ಮಾತ್ರ ಬಂತು. ಜೊತೆಗೆ ಸ್ಪಾಂಜು ತಂತಿಯನ್ನು ಮೇಲಕ್ಕೆ ನೂಕಿ ಶ್ರುತಿಯೂ ಏರಿತ್ತು. ಆಮೇಲೆ ಪ್ಯಾಕಿಂಗಿನ ಮೆತ್ತನೆ ಫೋಮನ್ನು ತೆಳ್ಳಗೆ ಕತ್ತರಿಸಿ ಹಾಕಿದೆ. ತಾಗಿಯೂ ತಾಗದಂತೆ ಇರಬೇಕು. ಸ್ವರ ಹುಟ್ಟಬೇಕು, ಒಂದು ಕ್ಷಣ ನಿಲ್ಲಬೇಕು, ತಾನಾಗಿ ಸಾಯಬೇಕು.

ಮೂರನೆಯದು ತಂತಿ. ಮಾಮೂಲಿ ರೌಂಡ್‌ವೂಂಡ್ ತಂತಿಯಲ್ಲಿ ಮೇಲಿನ ಸುತ್ತು ದುಂಡಗಿನ ಸರಿಗೆಯದು, ಮುಟ್ಟಿದರೆ ಗೀರು ಗೀರು. ಅದರಿಂದಲೇ ಕಿರ್ರ್. ಫ್ಲಾಟ್‌ವೂಂಡಿನಲ್ಲಿ ಆ ಸುತ್ತು ಚಪ್ಪಟೆ ಪಟ್ಟಿಯದು, ಬೆರಳು ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಸಾಮಾನ್ಯವಾಗಿ ಎಳೆತ ಜಾಸ್ತಿ. ಅದನ್ನು ಹಾಕಿದ್ದೇ ನನ್ನ ಬೇಸಿನ ಕುತ್ತಿಗೆ, ಅಂದರೆ ನೆಕ್, ಒಂದೇ ರಾತ್ರಿಯಲ್ಲಿ ಮುಂದಕ್ಕೆ ಬಾಗಿ ತಂತಿಗಳು ಎತ್ತರಕ್ಕೆ ಹೋದವು. ನೆಕ್ಕಿನ ಒಳಗಿರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಟ್ಟು ನೋಡಿ, ಇನ್ನೊಂದು ಚೂರು ತಿರುಗಿಸಿದೆ. ಇಲ್ಲಿ ಅವಸರ ಬೇಡ, ಮರ ತನ್ನ ಟೈಮ್ ತೆಗೆದುಕೊಳ್ಳುತ್ತದೆ. ಇನ್ನೊಂದು ಮಾತು: ಹೊಸ ತಂತಿ ಹಾಕುವಾಗ ಅಳತೆ ನೋಡದೆ ಕತ್ತರಿಸಬೇಡಿ. ಎಲ್ಲಕ್ಕಿಂತ ದಪ್ಪಗಿನ ಇ ತಂತಿಯನ್ನು ಗಿಡ್ಡ ಕತ್ತರಿಸಿ ಒಂದು ಪೂರ್ತಿ ಸೆಟ್ ಹಾಳು ಮಾಡಿಕೊಂಡವನು ನಾನು.

ಮನೆಯಲ್ಲಿ ಕೂತು ನುಡಿಸಿದರೆ ಸ್ವರ್ಗ. ಬ್ಯಾಂಡಿನ ಜೊತೆ ನುಡಿಸಿದೆ, ನಾನು ಕಾಣೆ! ಡ್ರಮ್ಸ್ ಇದೆ, ಗಿಟಾರ್ ಇದೆ, ಬೇಸು ಎಲ್ಲಿ? ಆಂಪಿನಲ್ಲಿ ತಗ್ಗಿನ ಸ್ವರ ಹೆಚ್ಚಿಸುವ ಬೇಸ್ ನಾಬನ್ನು ಏರಿಸಿದೆ. ಕೋಣೆಯೆಲ್ಲ ಗೊಂಯ್ ಅಂದಿತೇ ಹೊರತು ಯಾವ ಸ್ವರ ಅಂತ ಗೊತ್ತಾಗಲಿಲ್ಲ. ಕಾರಣ ನಿಧಾನವಾಗಿ ತಿಳಿಯಿತು. ಇ ತಂತಿಯನ್ನು ಎಲ್ಲೂ ಒತ್ತದೆ ನುಡಿಸಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಜಾಸ್ತಿ. ನಮ್ಮ ತಾಲೀಮಿನ ಕೋಣೆಯೇ ಅಷ್ಟಿರಲಿಲ್ಲ. ಹಾಗಾಗಿ ಕೋಣೆಯ ಒಂದು ಕಡೆ ಸ್ವರ ಉಬ್ಬುತ್ತದೆ, ಎರಡು ಹೆಜ್ಜೆ ಆಚೆ ಹೋದರೆ ಬತ್ತಿಹೋಗುತ್ತದೆ. ಆಂಪು ಮೂಲೆಯಲ್ಲಿದ್ದರಂತೂ ಕೇಳುವುದೇ ಬೇಡ.

ಆಂಪನ್ನು ಮೂಲೆಯಿಂದ ಎಳೆದು ಕುರ್ಚಿಯ ಮೇಲಿಟ್ಟೆ, ಕಿವಿಗೆ ಹತ್ತಿರವಾಗುವ ಹಾಗೆ. ಬೇಸ್ ನಾಬನ್ನು ಇಳಿಸಿದೆ. 500ರಿಂದ 800 ಹರ್ಟ್ಸ್ ಸುತ್ತಮುತ್ತ, ಮಿಡ್ಸನ್ನು, ಅಂದರೆ ನಡುವಿನ ಸ್ವರಗಳನ್ನು, ಏರಿಸಿದೆ. ಒಬ್ಬನೇ ನುಡಿಸಿದರೆ ಅಸಹ್ಯ, ನೆಗಡಿಯಾದವನು ಮಾತಾಡಿದ ಹಾಗೆ. ಡ್ರಮ್ಸ್ ಶುರುವಾದ ಮೇಲೆ ಅದೇ ಸದ್ದು ತನ್ನ ಜಾಗದಲ್ಲಿ ಬಂದು ಕೂತಿತು. ಫೋನಿನ ಪುಟ್ಟ ಸ್ಪೀಕರಿನಲ್ಲೂ ಬೇಸಿನ ಸಾಲು ಗೊತ್ತಾಗುವುದು ಹೆಚ್ಚು ಕಡಿಮೆ ಇದೇ ಕಾರಣಕ್ಕೆ. ಆ ಸ್ಪೀಕರಿಗೆ 41 ಹರ್ಟ್ಸ್ ನುಡಿಸುವ ಶಕ್ತಿಯೇ ಇಲ್ಲ. ಅದರ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು, ಅಂದರೆ ಹಾರ್ಮೋನಿಕ್ಸ್, ಕೇಳಿಸಿದರೆ ಸಾಕು, ಬುಡದ ಸ್ವರವನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. ಅಂದರೆ ನಾನು ಕಟ್ಟಿದ ಗೋಡೆಯಲ್ಲಿ ನಾನೇ ಒಂದು ಕಿಟಕಿ ಕೊರೆಯಬೇಕಾಯಿತು.

ಬೇಸು ನುಡಿಸುವವರು ಇಬ್ಬರು ಸೇರಿದರೆ ಸಾಮಾನಿನ ಮಾತು ಬಿಟ್ಟರೆ ಉಳಿಯುವುದು ಇಂಥ ಮೊದಲ ನೆನಪುಗಳೇ. ಒಬ್ಬ ಗೆಳೆಯ ತನ್ನ ಬ್ಯಾಂಡಿನಲ್ಲಿ ಮೂವರು ಗಿಟಾರಿಗೆ ಹಟ ಹಿಡಿದದ್ದರಿಂದ ಚೀಟಿ ಎತ್ತಿ ಬೇಸಿಗೆ ಬಂದವನು. ಈಗ ಉಳಿದಿಬ್ಬರೂ ನುಡಿಸುವುದೇ ಬಿಟ್ಟಿದ್ದಾರೆ. ಅವನಿಗೆ ಫ್ಲಾಟ್‌ವೂಂಡ್ ಕಂಡರಾಗದು, ಸತ್ತ ತಂತಿ ಅನ್ನುತ್ತಾನೆ. ಹೆಬ್ಬೆರಳಿನಿಂದ ಬಡಿದು ಸ್ಲ್ಯಾಪ್ ನುಡಿಸುವ ಅವನ ಶೈಲಿಗೆ ಅದು ನಿಜವೇ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಆ ಶೈಲಿ ಶುರುಮಾಡಿದ್ದು ಜೊತೆಯಲ್ಲಿ ಡ್ರಮ್ಸ್ ಇಲ್ಲದಾಗ, ಆ ಪೆಟ್ಟಿನ ಕೆಲಸವನ್ನೂ ಬೇಸಿನಿಂದಲೇ ಮಾಡಿಸಲು. ಪೆಟ್ಟು ಬೇಕಾದವರಿಗೆ ಟಣ್ ಬೇಕೇ ಬೇಕು, ಅಲ್ವಾ?

ಪೆಡಲುಗಳನ್ನೆಲ್ಲ ಕೊಟ್ಟುಬಿಟ್ಟೆ, ಕಂಪ್ರೆಸರ್ ಒಂದನ್ನು ಬಿಟ್ಟು. ಅದೂ ಯಾಕಿದೆ ಅಂದರೆ ತೆಗೆದುಕೊಳ್ಳುವವರು ಸಿಗಲಿಲ್ಲ. ಫ್ಲಾಟ್‌ವೂಂಡ್ ತಂತಿಗೆ ಈಗ ಆರು ವರ್ಷ. ಮುರಿಯುವವರೆಗೂ ಬದಲಾಯಿಸಬಾರದು ಅನ್ನುವವರೂ ಇದ್ದಾರೆ, ಜೇಮರ್ಸನ್ ಹಾಗೇ ಮಾಡುತ್ತಿದ್ದರು ಅಂತ. ಆದರೆ ನನ್ನ ಎ ತಂತಿ ಇತ್ತೀಚೆಗೆ ಹನ್ನೆರಡನೇ ಫ್ರೆಟ್ಟಿನ ಮೇಲೆ ಶ್ರುತಿಗೆ ನಿಲ್ಲುತ್ತಿಲ್ಲ. ಹೊಸ ಸೆಟ್ ತಂದಿಟ್ಟಿದ್ದೇನೆ. ಪೊಟ್ಟಣ ಇನ್ನೂ ಒಡೆದಿಲ್ಲ.