ನಲವತ್ತರ ಮೇಲೆ ಲೇಥ್ ಕೆಲಸಕ್ಕೆ ಬರುವ ಮೊದಲು ತೂಗಿ ನೋಡಬೇಕಾದದ್ದು

ಅಮರಗೋಳ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಹದಿನೈದು ವರ್ಷಕ್ಕೂ ಜಾಸ್ತಿ ಲೆಕ್ಕ ಬರೆದೆ. ನಲವತ್ತು ದಾಟಿದ ಮೇಲೆ ಲೇಥ್ ಕಲಿತೆ. ಲೇಥ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕೆತ್ತಿ ಅಳತೆಗೆ ತರುವ ಮಷೀನ್. ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣ ಶೆಡ್ಡು ನಡೆಸುತ್ತಿದ್ದೇನೆ. ನನ್ನ ವಯಸ್ಸಿನವರು ಬಂದು "ನಮಗೂ ಆಗ್ತೈತೇನ್ರಿ?" ಅಂತ ಕೇಳುತ್ತಾರೆ. ಕಲಿಯೋಕೆ ಖಂಡಿತ ಆಗುತ್ತದೆ. ಕಲಿಯುವ ಒಂದೆರಡು ವರ್ಷವನ್ನು ನಿಮ್ಮ ಕಣ್ಣು, ಕಾಲು, ಮನೆ ತಡೆದುಕೊಳ್ಳುತ್ತವೆಯೇ? ತೂಗಬೇಕಾದದ್ದು ಅದನ್ನೇ. ಕೈಯಲ್ಲಿ ಪಗಾರ ಇರುವಾಗಲೇ ಅದನ್ನು ಪರೀಕ್ಷೆ ಮಾಡಿಕೊಳ್ಳಬಹುದು.

ಮೊದಲು ಯಾವ ಕೆಲಸ ಅಂತ ನೋಡಿ. ಬೈಕ್ ಗ್ಯಾರೇಜ್ ಹಲವರ ಮನಸ್ಸಿನಲ್ಲಿರುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಪಾನಾ ಹಿಡಿಯೋದರ ಜೊತೆಗೆ ಸ್ಕ್ಯಾನರ್, ಸೆನ್ಸರ್ ಎಲ್ಲ ಕಲಿಯಬೇಕು. ಲೇಥ್‌ನಲ್ಲೂ ಎರಡು ದಾರಿ ಇವೆ. ಒಂದೇ ಪಾರ್ಟು ಸಾವಿರಗಟ್ಟಲೆ ಬೇಕಾದರೆ ಅದು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿಗೆ ಹೋಗುತ್ತದೆ. ಅಲ್ಲಿ ಬಂಡವಾಳ ದೊಡ್ಡದು. ನಮ್ಮಂಥವರಿಗೆ ಉಳಿಯೋದು ರಿಪೇರಿ ಕೆಲಸ. ಸವೆದ ಪಂಪಿನ ಶಾಫ್ಟ್, ಟ್ರ್ಯಾಕ್ಟರ್ ಬುಶ್, ಖಾರದ ಗಿರಣಿಯ ಶಾಫ್ಟ್, ಎಲ್ಲಾ ಒಂದೊಂದೇ ಬರುತ್ತವೆ. ಒಂದರಂತೆ ಇನ್ನೊಂದು ಇರೋದಿಲ್ಲ. ನನಗೆ ಈ ಕೆಲಸ ಇಷ್ಟ ಆಗಲು ಅದೇ ಕಾರಣ. ಸವೆದ ಜಾಬ್ (ಕೆಲಸಕ್ಕೆ ಬಂದ ಪಾರ್ಟು) ನೋಡಿ, ಯಾಕೆ ಸವೆಯಿತು ಅಂತ ಯೋಚಿಸೋಕೆ ವಯಸ್ಸಾದವರಿಗೆ ತಾಳ್ಮೆ ಇರುತ್ತದೆ.

ಇನ್ನು ಕಣ್ಣು. ಇದನ್ನು ಯಾರೂ ಹೇಳೋದಿಲ್ಲ, ಅದಕ್ಕೇ ನಾನು ಜಾಸ್ತಿ ಹೇಳುತ್ತೇನೆ. ನಲವತ್ತರ ಸುಮಾರಿಗೆ ಹತ್ತಿರದ ದೃಷ್ಟಿ ಕಡಿಮೆಯಾಗುತ್ತದೆ. ಲೇಥ್ ಕೆಲಸ ನಿಂತಿರೋದೇ ಹತ್ತಿರದ ದೃಷ್ಟಿಯ ಮೇಲೆ. ಅಳತೆಯ ಸಾಧನಗಳಲ್ಲಿ ಮಾಮೂಲಿ ವರ್ನಿಯರ್ 0.02 ಮಿ.ಮೀ. ತನಕ ಓದುತ್ತದೆ, ಮೈಕ್ರೋಮೀಟರ್ 0.01 ತನಕ. ಅದು ಯಾಕೆ ಬೇಕು ಅಂದರೆ, 6205 ಬೇರಿಂಗ್ ತಗೊಳ್ಳಿ. ಅದರ ಒಳ ಅಳತೆ 25 ಮಿ.ಮೀ. ಶಾಫ್ಟನ್ನು 24.95ಕ್ಕೆ ಇಳಿಸಿಬಿಟ್ಟರೆ ಬೇರಿಂಗಿನ ಒಳಗಿನ ರಿಂಗು ಶಾಫ್ಟಿನ ಮೇಲೆ ಜಾರಿ ತಿರುಗುತ್ತದೆ, ಬಿಸಿಯಾಗುತ್ತದೆ. ಮೋಟರ್ ರಿಪೇರಿಗೆ ತಂದಿದ್ದ ರೈತರು ಮತ್ತೆ ಅದನ್ನೇ ಹೊತ್ತುಕೊಂಡು ಬರುತ್ತಾರೆ. ಶಾಫ್ಟನ್ನು ಸ್ವಲ್ಪ ದಪ್ಪ ಬಿಟ್ಟರೆ ಬೇರಿಂಗ್ ಕೂರೋದೇ ಇಲ್ಲ, ಬಡಿದರೆ ಹಾಳಾಗುತ್ತದೆ. ಅದಕ್ಕೆ ಪರಿಚಯದ ಶೆಡ್ಡಿನಿಂದ ಒಂದು ವರ್ನಿಯರ್ ಕೇಳಿ ತನ್ನಿ. ಸಂಜೆ ಬೆಳಕಿನಲ್ಲಿ ಒಂದು ಬೋಲ್ಟನ್ನು ಅಳೆದು ಬರೆದಿಡಿ, ಬೆಳಿಗ್ಗೆ ಮತ್ತೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಒಂದು ಮೊಳ ದೂರದ ಕೆಲಸಕ್ಕೆ ಅಂತಲೇ ಹೇಳಿ ಚಷ್ಮಾ ಮಾಡಿಸಿ. ಡಿಜಿಟಲ್ ವರ್ನಿಯರ್ ಅಂಕಿ ತೋರಿಸುತ್ತದೆ, ಆದರೆ ಟೂಲಿನ ತುದಿ ಜಾಬ್ ಮುಟ್ಟುವುದನ್ನು ಕಣ್ಣೇ ನೋಡಬೇಕು.

ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಲ್ಲಬೇಕು. ಕಾಲ ಕೆಳಗೆ ಮರದ ಹಲಗೆ ಹಾಕಿಕೊಂಡರೆ ಮಂಡಿಗೆ ಆರಾಮ. ಸಕ್ಕರೆ ಕಾಯಿಲೆ ಇದ್ದು ಪಾದಕ್ಕೆ ಜೋಮು ಹಿಡಿಯುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ. ಕಾಯ್ದ ಚೂರು ಬೂಟಿನೊಳಗೆ ಬಿದ್ದರೂ ಗೊತ್ತಾಗೋದಿಲ್ಲ. ತಿರುಗುವ ಮಷೀನಿನ ಹತ್ತಿರ ಕೈಗವಸು, ತುಂಬು ತೋಳು, ಹೆಗಲ ಮೇಲಿನ ಟವೆಲ್, ಉಂಗುರ ಯಾವುದೂ ಬೇಡ. ಶಿವದಾರ ಬನಿಯನ್ ಒಳಗೆ ಇರಲಿ.

ಕಲಿಯುವಾಗ ಮಿಸ್ತ್ರಿ ನಿಮಗಿಂತ ಚಿಕ್ಕವರಿರಬಹುದು. ನನ್ನ ಮಿಸ್ತ್ರಿಗೆ ಆಗ ಮೂವತ್ತೂ ತುಂಬಿರಲಿಲ್ಲ. "ಕಾಕಾ, ಮೊದಲ ಮಷೀನ್ ಒರೆಸ್ರಿ, ಆಮ್ಯಾಲೆ ಹ್ಯಾಂಡಲ್ ಹಿಡಿಯೋಣಂತ" ಅಂದಿದ್ದರು. ನಾನು ಅವರನ್ನು ಮೊದಲ ದಿನದಿಂದ "ಉಸ್ತಾದ್ರ" ಅಂತಲೇ ಕರೆದೆ, ಇವತ್ತಿಗೂ ಹಾಗೇ ಕರೆಯುತ್ತೇನೆ. ಇದು ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನೋದು ಮನೆಯಲ್ಲಿ ಕೂತು ತಿಳಿಯೋದಿಲ್ಲ. ರಜೆಯಲ್ಲಿ, ಸಂಜೆ ಹೊತ್ತಿನಲ್ಲಿ ಶೆಡ್ಡಿಗೆ ಹೋಗಿ ಪುಕ್ಕಟೆ ಹೆಲ್ಪರ್ ಕೆಲಸ ಮಾಡಿ. ಬೇಸಿಗೆಯಲ್ಲೇ ಹೋಗಿ. ಪಂಪ್‌ಸೆಟ್ ಕೆಲಸ ಆಗ ಜೋರು, ತಗಡಿನ ಶೆಡ್ಡೂ ಕಾದಿರುತ್ತದೆ. ಅಷ್ಟಾದ ಮೇಲೂ ಮರುದಿನ ಹೋಗಬೇಕು ಅನ್ನಿಸಿದರೆ ಮುಂದಿನ ಲೆಕ್ಕಕ್ಕೆ ಕೂತುಕೊಳ್ಳಿ.

ಲೆಕ್ಕವನ್ನು ಮನೆಯವರನ್ನು ಎದುರಿಗೆ ಕೂರಿಸಿಕೊಂಡೇ ಮಾಡಿ. ಹೆಲ್ಪರ್ ಪಗಾರದಲ್ಲಿ ಮನೆ ನಡೆಯೋದಿಲ್ಲ ಅಂತಲೇ ಹಿಡಿಯಿರಿ. ಒಂದು ವರ್ಷದ ಖರ್ಚಿನ ರೊಕ್ಕ ಬೇರೆ ಇಡಿ. ಜೂನ್ ತಿಂಗಳ ಶಾಲೆ ಫೀ, ಸಾಲದ ಕಂತು ಅದರಲ್ಲಿ ಸೇರಿರಲಿ. ಈಗಿನ ಕೆಲಸದಲ್ಲಿ ಐದು ವರ್ಷ ತುಂಬಲು ಸ್ವಲ್ಪವೇ ಬಾಕಿ ಇದ್ದರೆ ಕಾಯಿರಿ, ಗ್ರ್ಯಾಚುಯಿಟಿ ಬಿಡಬೇಡಿ. ಕಂಪನಿಯ ಆರೋಗ್ಯ ವಿಮೆ ಇರುವಾಗಲೇ ಮನೆಗೆ ಬೇರೆ ವಿಮೆ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಕಾಯುವ ಅವಧಿ ಇರುತ್ತದೆ.

ಐಟಿಐಯಲ್ಲಿ ಟರ್ನರ್ (ಲೇಥ್ ಕೆಲಸದ) ಕೋರ್ಸ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಹುಬ್ಬಳ್ಳಿಯ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಚಿಕ್ಕ ಅವಧಿಯ ಕೋರ್ಸುಗಳನ್ನೂ ವಿಚಾರಿಸಿ. ರಿಪೇರಿ ಕೆಲಸಕ್ಕೆ ಮಿಸ್ತ್ರಿ ಹತ್ತಿರ ಕಲಿತದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ಡ್ರಾಯಿಂಗ್ ಓದೋದನ್ನು ಮಾತ್ರ ಕ್ಲಾಸಿನಲ್ಲೇ ಕಲಿಯಿರಿ.

ನಿಮ್ಮ ಹಳೆಯ ಕೆಲಸ ವ್ಯರ್ಥ ಆಗೋದಿಲ್ಲ. ಕೈಚಳಕ ಇರುವ ಎಷ್ಟೋ ಮಿಸ್ತ್ರಿಗಳು ರೇಟು ಹೇಳುವಾಗ ಸೋಲುತ್ತಾರೆ. ಶೆಡ್ಡಿನ ಬಾಡಿಗೆ, ಹೆಸ್ಕಾಂ ಕರೆಂಟ್ ಬಿಲ್ಲು, ಟೂಲು, ನಿಮ್ಮ ಪಗಾರ, ಎಲ್ಲ ಕೂಡಿಸಿ. ಅದನ್ನು ಮಷೀನ್ ನಿಜವಾಗಿ ತಿರುಗಿದ ತಾಸುಗಳಿಂದ ಭಾಗಿಸಿ. ಶೆಡ್ಡು ತೆರೆದಿದ್ದ ತಾಸುಗಳಿಂದ ಭಾಗಿಸಿದರೆ ರೇಟು ಕಡಿಮೆ ಬಂದು ಲುಕ್ಸಾನು. ಉದ್ರಿ ಕೊಡಲೇಬೇಕಾಗುತ್ತದೆ, ಸುಗ್ಗಿ ಆದ ಮೇಲೆ ಬರುತ್ತದೆ. ಅದಕ್ಕೆ ಬೇರೆ ಪುಸ್ತಕ ಇಡಿ.

ಸ್ವಂತ ಮಷೀನ್ ಕೊನೆಗೆ. ಮುದ್ರಾ ಯೋಜನೆಯ ಕಿಶೋರ್ ಸಾಲ 5 ಲಕ್ಷದ ತನಕ ಅಡಮಾನ ಇಲ್ಲದೆ ಸಿಗುತ್ತದೆ. ರಾಜ್‌ಕೋಟ್, ಬಟಾಲಾ ಕಡೆಯ ಹಳೆಯ ಲೇಥ್‌ಗಳು ಮಾರಾಟಕ್ಕೆ ಬರುತ್ತಿರುತ್ತವೆ. ಹೊಸ ಬಣ್ಣ ನೋಡಿ ಮರುಳಾಗಬೇಡಿ. ಕ್ಯಾರೇಜನ್ನು (ಟೂಲ್ ಹೊತ್ತು ಸರಿಯುವ ಭಾಗ) ಜಾಬ್ ಹಿಡಿಯುವ ಚಕ್ ಹತ್ತಿರದಿಂದ ಎದುರು ತುದಿಯ ಟೇಲ್‌ಸ್ಟಾಕ್ ತನಕ ಕೈಯಿಂದ ಹ್ಯಾಂಡಲ್ ತಿರುಗಿಸಿ ಸರಿಸಿ. ಚಕ್ ಹತ್ತಿರ ಸಡಿಲ, ಆ ತುದಿಯಲ್ಲಿ ಬಿಗಿ ಅನ್ನಿಸಿದರೆ ಬೆಡ್, ಅಂದರೆ ಕ್ಯಾರೇಜ್ ಜಾರುವ ಹಾಸು, ಸವೆದಿದೆ. ಆಮೇಲೆ ಚಕ್ಕಿಗೆ ಒಂದು ದಪ್ಪ ರಾಡ್ ಕಟ್ಟಿ, ಗೇಣುದ್ದ ತೆಳ್ಳಗೆ ಕಟ್ ಹೊಡೆದು ಎರಡೂ ತುದಿ ಮೈಕ್ರೋಮೀಟರಿನಲ್ಲಿ ಅಳೆದು, ಅಳತೆ ಒಂದೇ ಬರುತ್ತದೆಯೇ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಮುಂಗಡ ಕೊಡಬೇಡಿ.