ಇಂಗ್ಲೆಂಡಿನ ಸಿವಿಲ್ ಮೇಲ್ಮನವಿ: ಒಂದೇ ಆಧಾರದ ಮೇಲೆ ನಿಂತ ನನ್ನ ಪ್ರಕರಣ

ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ವಕೀಲ) ಆಗಿ, ಕೌಂಟಿ ಕೋರ್ಟಿನ ಸರ್ಕ್ಯೂಟ್ ನ್ಯಾಯಾಧೀಶರೊಬ್ಬರ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಿದ್ಧಪಡಿಸಿದಾಗ, ಯಾವ ವಾದವನ್ನು ಕೈಬಿಡಬೇಕೆಂದು ತೀರ್ಮಾನಿಸುವುದರಲ್ಲೇ ನನ್ನ ಹೆಚ್ಚಿನ ಶ್ರಮ ಹೋಯಿತು. ಕರ್ನಾಟಕದಲ್ಲಿ ಕಾನೂನು ಓದಿದ ನನಗೆ ಪರಿಚಿತವಾಗಿದ್ದುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನ ಪ್ರಥಮ ಮೇಲ್ಮನವಿ. ಅದು ಹಕ್ಕಿನಿಂದ ಸಿಗುತ್ತದೆ, ಸಾಕ್ಷ್ಯವನ್ನೂ ಮತ್ತೆ ತೂಗಿ ನೋಡಲು ಅವಕಾಶ ಕೊಡುತ್ತದೆ. ಇಂಗ್ಲೆಂಡಿನ ಸಿವಿಲ್ ಕೋರ್ಟುಗಳ ನಿಯಮಾವಳಿಯಾದ ಸಿವಿಲ್ ಪ್ರೊಸೀಜರ್ ರೂಲ್ಸ್‌ನಲ್ಲಿ ಮೇಲ್ಮನವಿಗೆ ಸಂಬಂಧಿಸಿದ 52ನೇ ಭಾಗ ಹಾಗಲ್ಲ. ಅದರಡಿ ಸಾಮಾನ್ಯವಾಗಿ ಮೊದಲು ಅನುಮತಿ ಪಡೆಯಬೇಕು, ಅದಕ್ಕೆ ಗೆಲುವಿನ ನೈಜ ಸಾಧ್ಯತೆಯನ್ನೋ ಬೇರೊಂದು ಬಲವಾದ ಕಾರಣವನ್ನೋ ತೋರಿಸಬೇಕು.

ನಮ್ಮದು ಮನೆ ದುರಸ್ತಿಯ ಗುತ್ತಿಗೆಯ ವ್ಯಾಜ್ಯ. ಎದುರು ಪಕ್ಷದ ಸಾಕ್ಷಿ ಸುಳ್ಳು ಹೇಳಿದನೆಂದು ಸಾಧಿಸಬೇಕೆಂಬುದು ನನ್ನ ಕಕ್ಷಿದಾರರ ಆಸೆಯಾಗಿತ್ತು. ಆ ಸಾಕ್ಷಿಯ ಪಾಟೀಸವಾಲನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ನಿರ್ಣಯವನ್ನು ಮೇಲಿನ ಕೋರ್ಟು ಸುಲಭವಾಗಿ ಮುಟ್ಟುವುದಿಲ್ಲವೆಂದು ಅವರಿಗೆ ವಿವರಿಸಿ, ಆ ಆಧಾರವನ್ನು ಬಿಟ್ಟೆ. ಉಳಿದದ್ದು ಒಂದೇ: ದುರಸ್ತಿ ವೆಚ್ಚದ ಬಗ್ಗೆ ಇಬ್ಬರು ತಜ್ಞರ ಅಭಿಪ್ರಾಯಗಳು ಭಿನ್ನವಾಗಿದ್ದರೂ, ಒಬ್ಬರದನ್ನೇ ಏಕೆ ಒಪ್ಪಿದರೆಂಬುದಕ್ಕೆ ತೀರ್ಪು ಕಾರಣ ಕೊಟ್ಟಿರಲಿಲ್ಲ.

ಇಂಥ ಕೊರತೆಯನ್ನು ಮೊದಲು ಆ ನ್ಯಾಯಾಧೀಶರ ಗಮನಕ್ಕೇ ತರಬೇಕೆಂದು ಹೈಕೋರ್ಟಿಗಿಂತ ಮೇಲಿನ ಕೋರ್ಟ್ ಆಫ್ ಅಪೀಲ್ 2002ರಲ್ಲಿ ಇಂಗ್ಲಿಷ್ ವಿರುದ್ಧ ಎಮೆರಿ ರೀಂಬೋಲ್ಡ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ತೀರ್ಪು ಪ್ರಕಟವಾದ ದಿನವೇ ಹೆಚ್ಚಿನ ಕಾರಣಗಳನ್ನೂ ಅನುಮತಿಯನ್ನೂ ಕೋರಿದೆವು. ಅವರು ಕೆಲವೇ ವಾಕ್ಯಗಳನ್ನು ಸೇರಿಸಿ ಅನುಮತಿ ನಿರಾಕರಿಸಿದರು. ಆ ವಾಕ್ಯಗಳಲ್ಲೂ ತಜ್ಞರ ಪ್ರಶ್ನೆಗೆ ಉತ್ತರವಿರಲಿಲ್ಲ, ಹಾಗಾಗಿ ನಮ್ಮ ಆಧಾರ ಗಟ್ಟಿಯಾಯಿತು.

ಗಡುವಿನ ವಿಷಯದಲ್ಲಿ ನಾನು ಬಹಳ ಎಚ್ಚರಿಕೆಯಿಂದಿದ್ದೆ. ಕೆಳಕೋರ್ಟು ಬೇರೆ ಅವಧಿ ಗೊತ್ತುಪಡಿಸದಿದ್ದರೆ ಮೇಲ್ಮನವಿ ಸಲ್ಲಿಸಲು ಇರುವ 21 ದಿನಗಳ ಲೆಕ್ಕ ಆರಂಭವಾಗುವುದು ನಿರ್ಣಯದ ದಿನದಿಂದ. ಮೊಹರು ಬಿದ್ದ ಆದೇಶ ಕೈಸೇರುವವರೆಗೆ ಕಾಯುವಂತಿಲ್ಲ, ಎರಡೂ ಪಕ್ಷಗಳು ಒಪ್ಪಿಕೊಂಡು ಅವಧಿ ವಿಸ್ತರಿಸಿಕೊಳ್ಳುವಂತೆಯೂ ಇಲ್ಲ. ಮೇಲ್ಮನವಿಯ ಅರ್ಜಿಯಾದ ಎನ್‌161 ನಮೂನೆಯಲ್ಲೇ ತಡೆಯಾಜ್ಞೆಯನ್ನೂ ಕೋರಿದೆ, ಏಕೆಂದರೆ ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ತೀರ್ಪಿನ ಜಾರಿ ನಿಲ್ಲುವುದಿಲ್ಲ.

ಹೈಕೋರ್ಟು ಕಾಗದಪತ್ರಗಳ ಮೇಲೆಯೇ ಅನುಮತಿ ನಿರಾಕರಿಸಿತು. ನಿಯಮದಂತೆ ಏಳು ದಿನಗಳೊಳಗೆ ಮೌಖಿಕ ವಿಚಾರಣೆ ಕೇಳಿದೆವು. ಕೋರ್ಟ್ ಆಫ್ ಅಪೀಲ್‌ನಲ್ಲಿ ಈ ಹಕ್ಕು 2016ರ ಅಕ್ಟೋಬರ್‌ನಿಂದ ಇಲ್ಲ. ಹೈಕೋರ್ಟಿನಲ್ಲಾದರೂ ಅದು ಉಳಿದಿರುವುದು ಸಣ್ಣ ಕಕ್ಷಿದಾರರಿಗೆ ದೊಡ್ಡ ರಕ್ಷಣೆಯೆಂದು ನಾನು ದೃಢವಾಗಿ ನಂಬುತ್ತೇನೆ. ಆ ವಿಚಾರಣೆಯಲ್ಲಿ ಅನುಮತಿ ದೊರೆಯಿತು, ಮುಂದೆ ಮೇಲ್ಮನವಿಯೂ ಪುರಸ್ಕೃತವಾಯಿತು. ದುರಸ್ತಿ ವೆಚ್ಚದ ಪ್ರಶ್ನೆ ಮಾತ್ರ ಬೇರೊಬ್ಬ ನ್ಯಾಯಾಧೀಶರ ಮುಂದೆ ಮರುವಿಚಾರಣೆಗೆ ಹೋಯಿತು. ತೀರ್ಪಿನ ಉಳಿದ ಭಾಗ ಹಾಗೆಯೇ ಉಳಿಯಿತು.