ಮೂರು ಡಬ್ಬಿಯ ರೈಲು, ಬಿಡದ ಬ್ರೇಕ್

"ಸರ್, ಗಾಳಿ ಕೊಟ್ಟರ ಬ್ರೇಕ್ ಹಿಡೀಬೇಕು. ಗಾಳಿ ಬಿಟ್ಟರ ಹೆಂಗ ಹಿಡೀತೈತಿ?"

ಹುಬ್ಬಳ್ಳಿಯ ಒಂದು ಐಟಿಐಯಲ್ಲಿ ನಾನು ಫಿಟ್ಟರ್ ಟ್ರೇಡ್ ಕಲಿಸುತ್ತೇನೆ. ಪೈಪಿನ ಗಾಳಿ ಬಿಟ್ಟಾಗ ರೈಲಿನ ಬ್ರೇಕ್ ಹಿಡಿಯುತ್ತದೆ ಅಂದ ಕೂಡಲೇ ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಕುಂದಗೋಳ, ಅಣ್ಣಿಗೇರಿ, ನವಲಗುಂದ ಕಡೆಯ ಹುಡುಗರು ನಮ್ಮಲ್ಲಿ ಜಾಸ್ತಿ. ಅರ್ಧಕ್ಕರ್ಧ ಮಂದಿಯ ಕಣ್ಣು ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಸೀಟಿನ ಮೇಲೆ. 1885ರಿಂದ ಡಬ್ಬಿ ರಿಪೇರಿ ಮಾಡುತ್ತ ಬಂದಿರುವ ಜಾಗ ಅದು. ಅಲ್ಲಿಗೆ ಹೋಗುವ ಹುಡುಗನಿಗೆ ರೈಲಿನ ಬ್ರೇಕ್ ಗೊತ್ತಿರಬೇಕಲ್ವಾ? ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮರುದಿನ ಮತ್ತೆ ಅದೇ ಪ್ರಶ್ನೆ.

ಹಾಗಾಗಿ ಒಂದು ಬೇಸಿಗೆ ರಜೆಯಲ್ಲಿ ಮಾಡೆಲ್ ಮಾಡಲು ಕೂತೆ. ಹನ್ನೆರಡು ಅಡಿ ಆ್ಯಂಗಲ್ ಪಟ್ಟಿಯ ಹಳಿ. ಮೇಲೆ ಮೂರು ಟ್ರಾಲಿ. ಹಳೆ ಬೇರಿಂಗುಗಳೇ ಗಾಲಿ. ಒಂದೊಂದು ಟ್ರಾಲಿಗೂ ನಲವತ್ತು ಮಿಲಿಮೀಟರಿನ ಒಂದು ಏರ್ ಸಿಲಿಂಡರ್. ಅದರ ರಾಡಿನ ತುದಿಗೆ ಹಳೆ ಟೈರು ಕತ್ತರಿಸಿ ಮಾಡಿದ ಬ್ರೇಕ್ ಬ್ಲಾಕ್. ಅರ್ಧ ಸಾಮಾನು ಗುಜರಿಯಿಂದ, ಅರ್ಧ ಗೋಕುಲ ರೋಡಿನಿಂದ ಬಂತು. ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು.

ಮೊದಲು ಸುಲಭದ ದಾರಿ ಹಿಡಿದೆ. ಕಂಪ್ರೆಸರಿನಿಂದ ಒಂದು ಪೈಪು, ಅದರಿಂದ ಮೂರೂ ಸಿಲಿಂಡರಿಗೆ ಗಾಳಿ. ವಾಲ್ವ್ ತೆರೆದರೆ ಮೂರೂ ಬ್ರೇಕ್ ಟಕ್ ಅಂತ ಹಿಡಿದವು. ಖುಷಿಯಾಯಿತು. ಆಮೇಲೆ ಎರಡನೇ ಮತ್ತು ಮೂರನೇ ಟ್ರಾಲಿ ನಡುವಿನ ಹೋಸ್ ಕಿತ್ತೆ. ಗಾಳಿಯೆಲ್ಲ ಹೊರಗೆ ಹೋಯಿತು, ಮೂರಕ್ಕೂ ಬ್ರೇಕ್ ಇಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ ಅಮೆರಿಕದಲ್ಲಿ 1869ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದು ಇಂಥದ್ದೇ ಬ್ರೇಕಿಗೆ. ಆಗ ಅವನಿಗೆ 22 ವರ್ಷ. ಅದಕ್ಕೂ ಮುಂಚೆ ಡಬ್ಬಿಗಳ ಮೇಲೆ ಓಡಾಡಿ, ಒಂದೊಂದಾಗಿ ಕೈಚಕ್ರ ತಿರುಗಿಸಿ ಗಾಡಿ ನಿಲ್ಲಿಸುತ್ತಿದ್ದರು. ಅವರ ಪಾಲಿಗೆ ಇದೇ ದೊಡ್ಡದು. ಆದರೆ ಗಾಡಿ ನಡುವೆ ತುಂಡಾದರೆ, ಬ್ರೇಕ್ ಬೇಕೇ ಬೇಕಾದ ಆ ಹೊತ್ತಿನಲ್ಲೇ ಅದು ಇರುತ್ತಿರಲಿಲ್ಲ.

ಮೂರು ವರ್ಷದ ಮೇಲೆ, 1872ರಲ್ಲಿ, ಅವನು ಲೆಕ್ಕವನ್ನೇ ತಿರುಗಿಸಿದ. ಪ್ರತಿ ಡಬ್ಬಿಗೂ ಒಂದು ಗಾಳಿ ಟಾಕಿ, ಒಂದು ವಾಲ್ವ್ ಕೊಟ್ಟ. ಪೈಪಿನಲ್ಲಿ ಗಾಳಿ ತುಂಬಿದಾಗ ಟಾಕಿ ತುಂಬುತ್ತದೆ, ಬ್ರೇಕ್ ಬಿಟ್ಟಿರುತ್ತದೆ. ಪೈಪಿನ ಗಾಳಿ ಇಳಿದರೆ ವಾಲ್ವ್ ಸರಿದು, ಟಾಕಿಯ ಗಾಳಿ ಸಿಲಿಂಡರಿಗೆ ನುಗ್ಗುತ್ತದೆ. ಡ್ರೈವರ್ ಇಳಿಸಲಿ, ಹೋಸ್ ಕಿತ್ತು ಬರಲಿ, ಯಾರೋ ಚೈನ್ ಎಳೆಯಲಿ, ಪೈಪಿಗೆ ಎಲ್ಲ ಒಂದೇ. ಹುಬ್ಬಳ್ಳಿಯಲ್ಲಿ ಲಾರಿ ಮನೆತನದ ಹುಡುಗರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಗಾಳಿ ಇಳಿದ ಲಾರಿ ಜಾಗ ಬಿಟ್ಟು ಕದಲುವುದಿಲ್ಲ ಅಂತ ಅವರಿಗೆ ಗೊತ್ತು. ಅಲ್ಲಿ ಹಿಡಿಯುವುದು ಸ್ಪ್ರಿಂಗ್, ಇಲ್ಲಿ ಟಾಕಿಯ ಗಾಳಿ. ಅಷ್ಟೇ ವ್ಯತ್ಯಾಸ.

ಎರಡನೇ ಪ್ರಯತ್ನಕ್ಕೆ ಎರಡೂ ಕಡೆ ಗಾಳಿಯಿಂದ ಸರಿಯುವ ಸ್ಪೂಲ್ ವಾಲ್ವ್ ತಂದೆ. ಸ್ಪೂಲ್ ಅಂದರೆ ವಾಲ್ವಿನೊಳಗೆ ಆಚೀಚೆ ಸರಿದು ಗಾಳಿಯ ದಾರಿ ಬದಲಿಸುವ ಸಣ್ಣ ದಂಡ. ಒಂದು ಕಡೆಗೆ ಪೈಪಿನ ಗಾಳಿ, ಇನ್ನೊಂದು ಕಡೆಗೆ ಟಾಕಿಯ ಗಾಳಿ. ಯಾವ ಕಡೆ ಜೋರೋ ಆ ಕಡೆಯದು ಸ್ಪೂಲನ್ನು ದಬ್ಬುತ್ತದೆ. ಟಾಕಿಯ ಗಾಳಿ ಪೈಪಿಗೆ ವಾಪಸ್ ಬರಬಾರದು ಅಂತ ನಡುವೆ ನಾನ್-ರಿಟರ್ನ್ ವಾಲ್ವ್ ಹಾಕಿದೆ. ಹೋಸ್ ಕಿತ್ತೆ, ಮೂರೂ ಹಿಡಿದವು. ಶಹಬ್ಬಾಸ್ ಅಂದುಕೊಂಡೆ. ಅದೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಊಟ ಮಾಡಿ ಬಂದು ನೋಡುತ್ತೇನೆ, ಯಾರೂ ಮುಟ್ಟದೆ ಬ್ರೇಕ್ ಹಿಡಿದು ಕೂತಿವೆ. ಯಾವುದೋ ಜಾಯಿಂಟಿನಲ್ಲಿ ಗಾಳಿ ಸಣ್ಣಗೆ ಸೋರಿ ಪೈಪ್ ಇಳಿದಿದೆ, ಟಾಕಿ ಮಾತ್ರ ತುಂಬಿದೆ.

ಆಗ ಅಪ್ಪನನ್ನು ಕರೆದುಕೊಂಡು ಬಂದೆ. ಅಪ್ಪ ರೈಲ್ವೆಯಲ್ಲಿ ಕ್ಯಾರೇಜ್ ಕಡೆ, ಅಂದರೆ ಡಬ್ಬಿಗಳ ಕಡೆ, ಕೆಲಸ ಮಾಡಿ ರಿಟೈರ್ ಆದವರು. ಮೀಟರ್ ಗೇಜ್ ಕಾಲದಲ್ಲಿ ವ್ಯಾಕ್ಯೂಮ್ ಬ್ರೇಕಿನ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಏರ್ ಬ್ರೇಕಿಗೆ ಬಂದವರು. ವ್ಯಾಕ್ಯೂಮಿನಲ್ಲಿ ಪೈಪಿನ ಗಾಳಿಯನ್ನು ಎಂಜಿನ್ ಹೀರಿಕೊಳ್ಳುತ್ತಿತ್ತು, ಹೊರಗಿನ ಗಾಳಿ ಒಳಗೆ ನುಗ್ಗಿದರೆ ಬ್ರೇಕ್ ಹಿಡಿಯುತ್ತಿತ್ತು. ಅದೂ ತಾನಾಗೇ ಹಿಡಿಯುವ ಬ್ರೇಕೇ. ಆದರೆ ಹೊರಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆಜಿ ಮಾತ್ರ, ಅದರಿಂದ ಎಷ್ಟು ಬಲ ಸಿಕ್ಕೀತು? ಈಗ ಬ್ರೇಕ್ ಪೈಪಿನಲ್ಲಿ 5 ಕೆಜಿ ಇರುತ್ತದೆ, ಪಕ್ಕದಲ್ಲಿ ಟಾಕಿಗಳಿಗೆ ಗಾಳಿ ತುಂಬುವ ಫೀಡ್ ಪೈಪಿನಲ್ಲಿ 6 ಕೆಜಿ.

ಅಪ್ಪ ಸ್ಟೂಲ್ ಮೇಲೆ ಕೂತು ಸುತ್ತ ನೋಡಿದರು. ನಾನ್-ರಿಟರ್ನ್ ವಾಲ್ವ್ ಕಡೆ ಬೆರಳು ಮಾಡಿದರು.

"ಇದನ್ನ ಯಾಕ ಹಾಕೀಯೋ ತಮ್ಮಾ?"

"ಟಾಕಿ ಗಾಳಿ ವಾಪಸ್ ಬರಬಾರದು ಅಂತ."

"ಬರಬೇಕು. ಸಾವಕಾಶ ಸೋರಿದ್ರ ಟಾಕಿನೂ ಪೈಪಿನ ಜೋಡಿ ಸಾವಕಾಶ ಇಳೀಬೇಕು. ರೈಲು ನಿನ್ನ ಟ್ರಾಲಿ ಹಂಗ ಮಾಡಿದ್ರ, ಹಾವೇರಿ ಮುಟ್ಟೂದರೊಳಗ ಹತ್ತು ಸಲ ನಿಂದರತಿತ್ತು."

ರೈಲ್ವೆಯಲ್ಲಿ ಇದಕ್ಕೆ ಲೆಕ್ಕವೇ ಇದೆ. ಪೈಪಿನಲ್ಲಿ 60 ಸೆಕೆಂಡಿಗೆ 0.3 ಕೆಜಿ ಇಳಿದರೆ ಬ್ರೇಕ್ ಹಿಡಿಯಬಾರದು. 6 ಸೆಕೆಂಡಿಗೆ 0.6 ಕೆಜಿ ಇಳಿದರೆ ಹಿಡಿಯಲೇಬೇಕು. ಎಷ್ಟು ಇಳಿಯಿತು ಅನ್ನುವುದರ ಜೊತೆಗೆ ಎಷ್ಟು ಬೇಗ ಇಳಿಯಿತು ಅಂತಲೂ ವಾಲ್ವ್ ನೋಡುತ್ತದೆ. ನಾನು ಇಷ್ಟು ವರ್ಷ ಕಲಿಸಿದ್ದರಲ್ಲಿ ಈ ಮಾತೇ ಇರಲಿಲ್ಲ, ನೋಡಿ.

ಅಂದರೆ ಪೈಪಿಗೂ ಟಾಕಿಗೂ ನಡುವೆ ಒಂದು ಸಣ್ಣ ತೂತು ಬೇಕು. ಆದರೆ ಬ್ರೇಕ್ ಹಿಡಿದ ಮೇಲೆ ಆ ತೂತು ಮುಚ್ಚಬೇಕು. ಇಲ್ಲದಿದ್ದರೆ ಟಾಕಿಯ ಗಾಳಿ ಅದರೊಳಗಿಂದಲೇ ಹೊರಟುಹೋಗುತ್ತದೆ. ಎರಡು ರಾತ್ರಿ ನಿದ್ದೆ ಕೆಟ್ಟೆ. ಕೊನೆಗೆ ಐದು ಪೋರ್ಟಿನ, ಅಂದರೆ ಗಾಳಿ ಹೋಗಿಬರಲು ಐದು ಬಾಯಿ ಇರುವ, ಸ್ಪೂಲ್ ವಾಲ್ವ್ ನೆನಪಾಯಿತು. ಮಾಡಬೇಕು ಅನ್ನುವವರಿಗೆ ಜೋಡಣೆ ಹೇಳುತ್ತೇನೆ. 1ನೇ ಪೋರ್ಟಿಗೆ ಟಾಕಿ. 2ನೇ ಪೋರ್ಟಿನಿಂದ ಸಣ್ಣ ತೂತಿನ ಮೂಲಕ ಬ್ರೇಕ್ ಪೈಪಿಗೆ. 4ನೇ ಪೋರ್ಟಿಗೆ ಬ್ರೇಕ್ ಸಿಲಿಂಡರ್. 5 ಹೊರಗಿನ ಗಾಳಿಗೆ ತೆರೆದಿರಲಿ, 3ಕ್ಕೆ ಬಿರಡೆ ಹಾಕಿ. ಸ್ಪೂಲ್ ಈಚೆಗಿದ್ದಾಗ 1 ಮತ್ತು 2 ಸೇರುತ್ತವೆ: ಟಾಕಿ ತುಂಬುತ್ತದೆ, ಸಿಲಿಂಡರಿನ ಗಾಳಿ 5ರಿಂದ ಹೊರಗೆ ಹೋಗುತ್ತದೆ. ಆಚೆ ಸರಿದಾಗ 1 ಮತ್ತು 4 ಸೇರುತ್ತವೆ: ಟಾಕಿಯ ಗಾಳಿ ಸಿಲಿಂಡರಿಗೆ ಹೋಗುತ್ತದೆ, ಪೈಪಿನ ದಾರಿ ಬಿರಡೆಗೆ ಹೋಗಿ ಮುಚ್ಚಿಕೊಳ್ಳುತ್ತದೆ. ಟಾಕಿ ತುಂಬುವುದು, ಬ್ರೇಕ್ ಹಿಡಿಯುವುದು, ಬಿಡುವುದು, ಈ ಮೂರೂ ಕೆಲಸ ಒಂದೇ ವಾಲ್ವಿನಿಂದ. ವೆಸ್ಟಿಂಗ್‌ಹೌಸ್ ಅದಕ್ಕೆ ಟ್ರಿಪಲ್ ವಾಲ್ವ್ ಅಂತ ಕರೆದಿದ್ದು ಸುಮ್ನೆ ಅಲ್ಲ.

ಸಣ್ಣ ತೂತಿಗೆ ಏನು ಮಾಡುವುದು? ಅಷ್ಟು ಸಣ್ಣ ಡ್ರಿಲ್ ಬಿಟ್ ಎರಡು ಮುರಿದೆ. ಆಮೇಲೆ ಅಟ್ಟದ ಮೇಲಿದ್ದ ಅವ್ವನ ಹಳೆ ಪಂಪ್ ಸ್ಟೌ ಕಣ್ಣಿಗೆ ಬಿತ್ತು. ಅದರ ನಿಪ್ಪಲ್ ಇದೆಯಲ್ಲ, ಪಿನ್ ಹಾಕಿ ಚುಚ್ಚುತ್ತಿದ್ದೆವಲ್ಲ, ಅದೇ. ಅಂಥ ಮೂರು ನಿಪ್ಪಲ್ ತಂದು ಹಿತ್ತಾಳೆ ಜಾಯಿಂಟಿನೊಳಗೆ ಬೆಸುಗೆ ಹಾಕಿದೆ. ಟಾಕಿ ತುಂಬಲು ಈಗ ಹೆಚ್ಚು ಹೊತ್ತು ಬೇಕು, ಆದರೆ ಸೋರಿಕೆಯ ಸಮಸ್ಯೆ ಹೋಯಿತು. ಪೈಪಿನ ಗಾಳಿ ಬಿಡುವ ಕಾಕ್ (ನಲ್ಲಿ) ಸ್ವಲ್ಪವೇ ತೆರೆದರೆ ಪೈಪು ಟಾಕಿ ಎರಡೂ ನಿಧಾನ ಇಳಿಯುತ್ತವೆ, ಬ್ರೇಕ್ ಹಿಡಿಯುವುದಿಲ್ಲ. ಪೂರ್ತಿ ತೆರೆದರೆ ಟಕ್ ಅಂತ ಹಿಡಿಯುತ್ತದೆ.

ಹಿಡಿಯಿತು, ಆದರೆ ಬಿಡಲಿಲ್ಲ.

ಪೈಪಿಗೆ ಮತ್ತೆ 5 ಕೆಜಿ ಕೊಟ್ಟೆ. ಸ್ಪೂಲ್ ಜಪ್ಪಯ್ಯ ಅನ್ನಲಿಲ್ಲ. ವಾಲ್ವ್ ಬಿಚ್ಚಿದೆ, ಎಣ್ಣೆ ಹಾಕಿದೆ, ಸೀಲ್ ನೋಡಿದೆ, ಎಲ್ಲ ಸರಿಯಾಗೇ ಇದೆ. ಮೂರು ದಿನ ಇದೇ ಗೋಳು. ತಪ್ಪು ವಾಲ್ವಿನಲ್ಲಿ ಇರಲಿಲ್ಲ, ನನ್ನ ಧಾರಾಳತನದಲ್ಲಿ ಇತ್ತು. ಟಾಕಿ ದೊಡ್ಡದಿದ್ದರೆ ಒಳ್ಳೆಯದು ಅಂತ ಎರಡು ಲೀಟರಿನ ಟಾಕಿ ಕೂರಿಸಿದ್ದೆ. ನನ್ನ ಸಿಲಿಂಡರ್ ಕುಡಿಯುವುದು ಒಂದು ಟೀ ಕಪ್ಪಿನಷ್ಟೂ ಇಲ್ಲ. ಹಾಗಾಗಿ ಬ್ರೇಕ್ ಹಿಡಿದ ಮೇಲೂ ಟಾಕಿ ಹೆಚ್ಚುಕಡಿಮೆ 5 ಕೆಜಿಯಲ್ಲೇ ಇರುತ್ತಿತ್ತು. ಆ ಕಡೆ 5, ಈ ಕಡೆ 5. ಸ್ಪೂಲನ್ನು ದಬ್ಬುವವರು ಯಾರು?

ಅಪ್ಪ ಬಂದು ಟಾಕಿಯ ಕೆಳಗಿನ ಕಾಕ್ ಒಂದು ಕ್ಷಣ ತೆರೆದು ಮುಚ್ಚಿದರು. ಸುಸ್ ಅಂತ ಸ್ವಲ್ಪ ಗಾಳಿ ಹೋಯಿತು. ಟಕ್. ಬ್ರೇಕ್ ಬಿಟ್ಟಿತು.

"ಬೈಂಡಿಂಗ್ ಅಂದ್ರ ಇದ. ಎಂಜಿನ್ ಬದಲಾದಾಗ ಇದನ್ನ ಮಾಡ್ತಿದ್ವಿ. ಪ್ರತಿ ಡಬ್ಬಿ ಕೆಳಗ ಬಗ್ಗಿ ಹ್ಯಾಂಡಲ್ ಎಳಕೋಂತ ಹೋಗೂದು."

ನಿಜವಾದ ಡಬ್ಬಿಯಲ್ಲಿ ಈಗ ಟ್ರಿಪಲ್ ವಾಲ್ವಿನ ಬದಲು ಡಿಸ್ಟ್ರಿಬ್ಯೂಟರ್ ವಾಲ್ವ್ ಇದೆ. ಬ್ರೇಕಿಗೆ ಗಾಳಿ ಕೊಡಲು ದೊಡ್ಡ ಟಾಕಿ (ಹಳೆ ಮಾದರಿಯ ಪ್ರಯಾಣಿಕರ ಡಬ್ಬಿಯಲ್ಲಿ 200 ಲೀಟರಿನದು), ಪೈಪಿನ ಜೊತೆ ಹೋಲಿಸಿ ನೋಡಲು 6 ಲೀಟರಿನ ಕಂಟ್ರೋಲ್ ಟಾಕಿ. ನಾನು ಒಂದೇ ಟಾಕಿಯ ಮೇಲೆ ಹೇರಿದ ಎರಡು ಕೆಲಸವನ್ನು ಅವರು ಬೇರೆ ಬೇರೆ ಮಾಡಿದ್ದಾರೆ. ಹಿಂದಿನ ಎಂಜಿನ್ ಪೈಪಿಗೆ ಸ್ವಲ್ಪ ಜಾಸ್ತಿ ಗಾಳಿ ಕೊಟ್ಟಿದ್ದು, ಹೊಸ ಎಂಜಿನ್ ಸ್ವಲ್ಪ ಕಮ್ಮಿ ಕೊಟ್ಟರೆ, ಕಂಟ್ರೋಲ್ ಟಾಕಿಗೆ ಪೈಪ್ ಇಳಿದ ಹಾಗೆಯೇ ಕಾಣುತ್ತದೆ. ಬ್ರೇಕ್ ಪೂರ್ತಿ ಬಿಡುವುದಿಲ್ಲ. ಬ್ಲಾಕ್ ಗಾಲಿಗೆ ಉಜ್ಜುತ್ತಲೇ ಹೋಗುತ್ತದೆ, ಸ್ಟೇಷನ್ನಿನಲ್ಲಿ ನಿಂತವರಿಗೆ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಹಿಡಿಸುವುದಕ್ಕಿಂತ ಬಿಡಿಸುವುದರಲ್ಲೇ ಹೆಚ್ಚು ಬುದ್ಧಿ ಖರ್ಚಾಗಿದೆ ಅಂತ ನನಗೆ ಅನ್ನಿಸಿದ್ದು ಆ ದಿನ.

ಎರಡು ಲೀಟರಿನ ಟಾಕಿಗಳನ್ನು ಕಿತ್ತುಹಾಕಿದೆ. ಒಂದು ಇಂಚಿನ ಜಿಐ ಪೈಪಿನ ಗೇಣುದ್ದದ ತುಂಡಿಗೆ ಎರಡೂ ಕಡೆ ಕ್ಯಾಪ್ ಹಾಕಿ ಟಾಕಿ ಮಾಡಿದೆ. ಈಗ ಬ್ರೇಕ್ ಹಿಡಿದಾಗ ಟಾಕಿ 5ರಿಂದ ಮೂರೂವರೆ ಕೆಜಿಯ ಆಸುಪಾಸಿಗೆ ಇಳಿಯುತ್ತದೆ. ಪೈಪಿಗೆ ಮತ್ತೆ 5 ಕೊಟ್ಟರೆ ಸ್ಪೂಲ್ ತಾನಾಗಿಯೇ ವಾಪಸ್ ಬರುತ್ತದೆ.

ಶಾಲೆ ಶುರುವಾದ ಮೇಲೆ ಹುಡುಗರ ಮುಂದೆ ಮೊದಲ ಸಲ ಓಡಿಸಿದೆ. ಹೋಸಿಗೆ ಹೊಸದಾಗಿ ಕ್ವಿಕ್ ಕಪ್ಲಿಂಗ್ ಹಾಕಿದ್ದೆ, ಕೀಳಲು ಸುಲಭ ಅಂತ. ಕಿತ್ತೆ. ಹಿಂದಿನ ಟ್ರಾಲಿ ನಿಂತಿತು. ಮುಂದಿನ ಎರಡು ಆರಾಮಾಗಿ ಹೋಗಿ ಗೋಡೆಗೆ ಗುದ್ದಿದವು. ಹುಡುಗರೆಲ್ಲ ನಕ್ಕರು. ಕಪ್ಲಿಂಗಿನ ಒಂದು ಭಾಗ ಕಿತ್ತ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ, ಗಾಳಿ ಪೋಲಾಗಬಾರದು ಅಂತ. ಗ್ಯಾರೇಜಿಗೆ ಅದು ಒಳ್ಳೆಯದು. ರೈಲಿನ ಹೋಸಿನ ತುದಿ ಹಾಗಿರುವುದಿಲ್ಲ, ಎಳೆದರೆ ಎರಡೂ ಕಡೆ ಬಾಯಿ ತೆರೆದೇ ಇರುತ್ತದೆ.

ಸಂಜೆ ಅಪ್ಪನಿಗೆ ನಗುತ್ತಾ ಹೇಳಿದೆ. ಅವರು ನಗಲಿಲ್ಲ. ಡಬ್ಬಿಯ ತುದಿಯಲ್ಲಿ ಪೈಪು ಮುಚ್ಚಲು ಇರುವ ಆ್ಯಂಗಲ್ ಕಾಕನ್ನು ರೈಲಿನ ನಡುವೆ ಯಾರಾದರೂ ಮರೆತು ಮುಚ್ಚಿಬಿಟ್ಟರೆ ಆಗುವುದೂ ಇಂಥದ್ದೇ. ಡ್ರೈವರ್ ಪೈಪ್ ಇಳಿಸಿದ್ದು ಹಿಂದಿನ ಡಬ್ಬಿಗಳಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಹೊರಡುವ ಮುಂಚೆ ಕೊನೆಯ ಡಬ್ಬಿಯ ಒತ್ತಡದ ಗೇಜಿನ ಮುಳ್ಳು ಇಳಿದು ಏರುವುದನ್ನು ನೋಡುತ್ತಾರೆ. ಮರುದಿನ ಮಾಡೆಲಿನ ಕೊನೆಯ ಟ್ರಾಲಿಗೂ ಒಂದು ಗೇಜ್ ಕೂರಿಸಿದೆ. ಕಪ್ಲಿಂಗ್ ತೆಗೆದು ಸಾದಾ ಹೋಸ್ ಹಾಕಿದೆ.

ಇದರಲ್ಲಿ ಆಗದೇ ಇರುವುದೂ ಇದೆ. ನನ್ನ ಬ್ರೇಕ್ ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ನಿಜವಾದ ಟ್ರಿಪಲ್ ವಾಲ್ವಿನಲ್ಲಿ ಟಾಕಿ ಪೈಪಿನ ಮಟ್ಟಕ್ಕೆ ಇಳಿದ ಕೂಡಲೇ ದಾರಿ ಮುಚ್ಚುತ್ತದೆ, ಬ್ರೇಕ್ ಅಷ್ಟಕ್ಕೇ ನಿಲ್ಲುತ್ತದೆ. ಇನ್ನಷ್ಟು ಬೇಕಾದರೆ ಇನ್ನಷ್ಟು ಇಳಿಸಬಹುದು. ಈಗಿನ ಡಿಸ್ಟ್ರಿಬ್ಯೂಟರ್ ವಾಲ್ವಿನಲ್ಲಿ ಬಿಡುವುದನ್ನೂ ಸ್ವಲ್ಪ ಸ್ವಲ್ಪವಾಗಿ ಮಾಡಬಹುದು. ಕ್ಯಾಸಲ್ ರಾಕಿನಿಂದ ಕುಳೆಂ ಕಡೆ ಘಾಟ್ ಇಳಿಯುವಾಗ ಅದು ಎಷ್ಟು ಮುಖ್ಯ ಅಂತ ಯೋಚಿಸಿ. 37 ಅಡಿಗೆ ಒಂದು ಅಡಿ ಇಳಿಜಾರು. ಅಲ್ಲಿ ಪೂರ್ತಿ ಬಿಟ್ಟು ಮತ್ತೆ ಹಿಡಿಯುತ್ತೇನೆ ಅಂದರೆ ಆಗುವ ಮಾತಲ್ಲ. ಒಬ್ಬ ಹುಡುಗ ಮಾತ್ರ ಇದನ್ನು ತಾನೇ ಗುರುತಿಸಿ ಕೇಳಿದ. ಅಣ್ಣಿಗೇರಿಯವನು. ಅವನೇ ಆಮೇಲೆ ಸೈಕಲ್ ಬ್ರೇಕ್ ವೈರ್ ಹಾಕಿ ಎರಡನೇ ಟ್ರಾಲಿಗೆ ಚೈನ್ ಮಾಡಿಕೊಟ್ಟ. ಎಳೆದರೆ ಕಾಕ್ ತೆರೆದು ಪೈಪಿನ ಗಾಳಿ ಹೊರಗೆ ಹೋಗುತ್ತದೆ. ಈಗ ಎಲ್ಲರೂ ಮೊದಲು ಎಳೆಯುವುದೇ ಅದನ್ನು.

ಬಣ್ಣ ಹಚ್ಚುವ ದಿನ ಕೈಗೆ ಸಿಕ್ಕ ಬಿಳಿ ಡಬ್ಬ ತೆಗೆದುಕೊಂಡಿದ್ದೆ. "ಬಿಳೇದು ಫೀಡ್ ಪೈಪಿಗೆ. ನಿಂದು ಬ್ರೇಕ್ ಪೈಪ್, ಹಸರ ಹಚ್ಚು" ಅಂದರು ಅಪ್ಪ. ಹಸಿರು ಹಚ್ಚಿದೆ. ಮಾಡೆಲ್ ಈಗ ನಮ್ಮ ವರ್ಕ್‌ಶಾಪಿನ ಕಿಟಕಿ ಪಕ್ಕ ಇದೆ. ಮೂರನೇ ಟ್ರಾಲಿಯ ಸ್ಪೂಲ್ ರಜೆ ಮುಗಿಸಿ ಬಂದಾಗಲೆಲ್ಲ ಅಂಟಿಕೊಂಡಿರುತ್ತದೆ. ಎರಡು ಹನಿ ಎಣ್ಣೆ ಬಿಟ್ಟು, ಪಾನಾದ ಹಿಡಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ಸರಿಹೋಗುತ್ತದೆ.